ಜ್ವರ ಬಿಟ್ಟ ಮೇಲಿನ ಬದುಕು: ಲಾಂಗ್ ಕೋವಿಡ್ ರೋಗಿಗಳ ದಿನಚರಿ ಮತ್ತು ಅದರ ಅಳತೆ

ರೋಮ್ ನಗರದ ಜೆಮೆಲ್ಲಿ ಆಸ್ಪತ್ರೆ 2020ರ ಏಪ್ರಿಲ್ 21ರಂದು ಹೊಸದೊಂದು ಹೊರರೋಗಿ ವಿಭಾಗ ತೆರೆಯಿತು. ಇಟಲಿ ಇನ್ನೂ ಲಾಕ್‌ಡೌನಿನಲ್ಲಿತ್ತು. ಕೋವಿಡ್ ಬಂದು ಆಸ್ಪತ್ರೆ ಸೇರಿ, ಬದುಕುಳಿದು ಮನೆಗೆ ಹೋದವರನ್ನು ಮತ್ತೆ ಕರೆಸಿ ನೋಡುವುದು ಆ ವಿಭಾಗದ ಕೆಲಸ. ಐದಾರು ವಾರಗಳಲ್ಲಿ ನೋಡಿದ 143 ಮಂದಿಗೂ ವೈರಸ್ ಪರೀಕ್ಷೆ ನೆಗೆಟಿವ್ ಬಂದಿತ್ತು. ಕಾಯಿಲೆ ಶುರುವಾಗಿ ಸರಾಸರಿ 60 ದಿನ ಕಳೆದಿತ್ತು. ಕಾಗದದ ಮೇಲೆ ಎಲ್ಲರೂ ಗುಣವಾದವರೇ. ಆದರೆ ಯಾವ ತೊಂದರೆಯೂ ಉಳಿದಿಲ್ಲ ಎಂದವರು 18 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಿಗೆ ಸುಸ್ತು ಬಿಟ್ಟಿರಲಿಲ್ಲ, ಶೇಕಡಾ 43 ಜನರಿಗೆ ಏದುಸಿರು ಹೋಗಿರಲಿಲ್ಲ. ಶೇಕಡಾ 44ರಷ್ಟು ಜನ ತಮ್ಮ ಜೀವನದ ಗುಣಮಟ್ಟವೇ ಇಳಿದಿದೆ ಎಂದರು.

ಅದೇ ಜುಲೈಯಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಪುಟ್ಟದಾಗಿ ಪ್ರಕಟವಾಯಿತು. ಜಗತ್ತೆಲ್ಲ ಸತ್ತವರನ್ನೂ ಗುಣವಾದವರನ್ನೂ ಎರಡೇ ಕಾಲಂಗಳಲ್ಲಿ ಎಣಿಸುತ್ತಿದ್ದ ಹೊತ್ತು ಅದು. ಈ ಎರಡರ ನಡುವೆ ಮೂರನೆಯ ಗುಂಪೊಂದಿದೆ ಎಂದು ರೋಮಿನ ವೈದ್ಯರು ಅಂಕಿ ಹಿಡಿದು ತೋರಿಸಿದರು. ಈ ಲೇಖನದ ವಿಷಯ ಆ ಮೂರನೆಯ ಗುಂಪು. ಅವರು ಸತ್ತಿಲ್ಲ, ಗುಣವಾಗಿಲ್ಲ. ಎಷ್ಟೋ ಸಲ ಅವರ ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಏನೂ ಕಾಣಿಸುವುದಿಲ್ಲ. ಅವರ ಕಾಯಿಲೆ ಕಾಣಿಸುವುದು ಅವರ ದಿನಚರಿಯಲ್ಲಿ.

ರೋಮಿನ ವೈದ್ಯರಿಗಿಂತ ಮೊದಲೇ ರೋಗಿಗಳು ಮಾತಾಡಲು ಆರಂಭಿಸಿದ್ದರು. ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕ ಪಾಲ್ ಗಾರ್ನರ್ ಸಾಂಕ್ರಾಮಿಕ ರೋಗಗಳ ಪರಿಣತ. ಮಾರ್ಚಿನಲ್ಲಿ ತಾವೇ ಕಾಯಿಲೆ ಬಿದ್ದ ಅವರು ಏಳು ವಾರ ಕಳೆದರೂ ಏಳಲಾಗದೆ, ಮೇ 5ರಂದು ‘ಬಿಎಂಜೆ’ಯಲ್ಲಿ ತಮ್ಮ ಅನುಭವ ಬರೆದರು. ಒಂದು ದಿನ ಸರಿಹೋಯಿತು ಎನ್ನುವಷ್ಟರಲ್ಲಿ ಮರುದಿನ ಹೊಸ ಲಕ್ಷಣ ಕಾಣಿಸಿಕೊಳ್ಳುವ ಆ ಕಥೆ ಓದಿ ಸಾವಿರಾರು ಜನ ‘ನಮಗೂ ಹೀಗೇ’ ಎಂದರು. ಅದೇ ತಿಂಗಳ 20ರಂದು ಇಟಲಿಯ ಪುರಾತತ್ವ ವಿದ್ವಾಂಸೆ ಎಲಿಸಾ ಪೆರೆಗೊ ತಮ್ಮ ಟ್ವೀಟೊಂದರಲ್ಲಿ ‘ಲಾಂಗ್ ಕೋವಿಡ್’ ಎಂಬ ಹೆಸರು ಬಳಸಿದರು. ಅವರೂ ರೋಗಿಯೇ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಬಂದದ್ದು ಹದಿನಾರು ತಿಂಗಳ ನಂತರ, 2021ರ ಅಕ್ಟೋಬರ್ 6ರಂದು. ಕೋವಿಡ್ ಬಂದು ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ, ದಿನನಿತ್ಯದ ಬದುಕಿಗೆ ತೊಡಕಾಗುವ ತೊಂದರೆಗಳು ಎಂಬುದು ಅದರ ಸಾರ.

ರೋಗಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಹ್ಯಾನಾ ಡೇವಿಸ್, ಲೀಸಾ ಮೆಕ್‌ಕಾರ್ಕೆಲ್, ಅಥೀನಾ ಅಕ್ರಮಿ ಮೊದಲಾದವರು ಸೇರಿ ತಮ್ಮ ಕಾಯಿಲೆಯ ಸಮೀಕ್ಷೆಯನ್ನು ತಾವೇ ನಡೆಸಿದರು. 56 ದೇಶಗಳ 3,762 ಜನ ಉತ್ತರ ಕೊಟ್ಟರು. ಹತ್ತು ಅಂಗವ್ಯೂಹಗಳಿಗೆ ಸೇರಿದ 203 ಲಕ್ಷಣಗಳ ಪಟ್ಟಿ ಅದರಿಂದ ಹೊರಬಂದು 2021ರಲ್ಲಿ ಪ್ರಕಟವಾಯಿತು. ಆ ಪಟ್ಟಿಗಿಂತ ಮುಖ್ಯವಾದ ಎರಡು ಅಂಕಿಗಳು ಅದರಲ್ಲಿವೆ. ಉತ್ತರಿಸಿದವರಲ್ಲಿ ಶೇಕಡಾ 45 ಮಂದಿ ಕೆಲಸದ ಗಂಟೆ ಕಡಿಮೆ ಮಾಡಿಕೊಂಡಿದ್ದರು, ಶೇಕಡಾ 22 ಮಂದಿ ಕಾಯಿಲೆಯಿಂದಾಗಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಹಾಸಿಗೆ ಹಿಡಿದವರು ತಮ್ಮ ರೋಗವನ್ನು ತಾವೇ ಅಧ್ಯಯನ ಮಾಡಿ ವಿಜ್ಞಾನದ ಮುಂದಿಟ್ಟ ಇಂಥ ಉದಾಹರಣೆ ವೈದ್ಯಕೀಯ ಚರಿತ್ರೆಯಲ್ಲಿ ಹೆಚ್ಚಿಲ್ಲ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಬದುಕಿನ ಗುಣಮಟ್ಟವನ್ನು ಅಳೆಯುವುದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಪಟ್ಟಿ ಇದೆ. ಬದುಕಿಗೂ ವೈದ್ಯರು ಒಂದು ಪ್ರಶ್ನಾವಳಿ ಮಾಡಿಕೊಂಡಿದ್ದಾರೆ. ಹೆಚ್ಚು ಬಳಕೆಯಲ್ಲಿರುವುದು ಯೂರೋಕ್ವಾಲ್ ಎಂಬ ಯುರೋಪಿನ ಸಂಶೋಧಕರ ಬಳಗ ರೂಪಿಸಿದ ಐದು ಪ್ರಶ್ನೆಗಳ ಇಕ್ಯೂ-5ಡಿ. ಓಡಾಡಲು ಆಗುತ್ತದೆಯೇ? ಸ್ನಾನ, ಬಟ್ಟೆ ನಿಮ್ಮಷ್ಟಕ್ಕೆ ನೀವೇ ಮಾಡಿಕೊಳ್ಳುತ್ತೀರಾ? ದಿನದ ಕೆಲಸಕಾರ್ಯ ನಡೆಯುತ್ತದೆಯೇ? ನೋವು ಎಷ್ಟಿದೆ? ಆತಂಕ, ಬೇಸರ ಎಷ್ಟಿದೆ? ಉತ್ತರಗಳನ್ನು ಒಂದೇ ಅಂಕಿಗೆ ಇಳಿಸುತ್ತಾರೆ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಸೊನ್ನೆಗಿಂತ ಕೆಳಗಿನ ಅಂಕಿಗಳೂ ಇವೆ. ಸಾವೇ ಮೇಲು ಎಂದು ಜನ ಭಾವಿಸುವ ಸ್ಥಿತಿಗಳಿವೆ ಎಂಬುದನ್ನು ಈ ಅಳತೆಗೋಲು ಒಪ್ಪಿಕೊಂಡಿದೆ.

ಕ್ಯಾನ್ಸರಿಗೂ ಮಂಡಿನೋವಿಗೂ ಒಂದೇ ಪ್ರಶ್ನಾವಳಿ ಆಗಿರುವುದರಿಂದ ಒಂದು ರೋಗದ ಪಕ್ಕ ಇನ್ನೊಂದನ್ನು ಇಟ್ಟು ನೋಡಬಹುದು. ಹಾಗೆ ಇಟ್ಟು ನೋಡಿದ ಒಂದು ಅಧ್ಯಯನ 2023ರ ಜೂನ್‌ನಲ್ಲಿ ‘ಬಿಎಂಜೆ ಓಪನ್’ನಲ್ಲಿ ಬಂತು. ಲಂಡನ್ನಿನ ಯುನಿವರ್ಸಿಟಿ ಕಾಲೇಜು ಮತ್ತು ಎಕ್ಸಿಟರ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 31 ಲಾಂಗ್ ಕೋವಿಡ್ ಕ್ಲಿನಿಕ್‌ಗಳ 3,754 ರೋಗಿಗಳ ಉತ್ತರಗಳನ್ನು ಮೊಬೈಲ್ ಆ್ಯಪ್ ಒಂದರ ಮೂಲಕ ಪಡೆದಿದ್ದರು. ರೋಗಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ದುಡಿಯುವ ವಯಸ್ಸಿನವರು, ಶೇಕಡಾ 71 ಮಂದಿ ಹೆಂಗಸರು.

ಫಲಿತಾಂಶ ಓದಿದಾಗ ಸಂಶೋಧಕರೇ ಬೆಚ್ಚಿರಬೇಕು. ಈ ರೋಗಿಗಳ ಆಯಾಸ ಕ್ಯಾನ್ಸರಿನಿಂದ ರಕ್ತಹೀನತೆ ಬಂದವರ, ಮೂತ್ರಪಿಂಡ ತೀರ ಕೆಟ್ಟವರ ಆಯಾಸಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು. ದಿನದ ಕೆಲಸಗಳಿಗೆ ಬಿದ್ದ ಹೊಡೆತ ಪಾರ್ಶ್ವವಾಯು ರೋಗಿಗಳಿಗಿಂತ ಹೆಚ್ಚು, ಪಾರ್ಕಿನ್ಸನ್ ರೋಗಿಗಳಿಗೆ ಸರಿಸಮ. ಜೀವನದ ಗುಣಮಟ್ಟದ ಅಂಕ ನಾಲ್ಕನೆಯ ಹಂತದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗಿಂತ ಕೆಳಗೆ. ಹಿಂದಿನ ಒಂದು ತಿಂಗಳಲ್ಲಿ ಅರ್ಧದಷ್ಟು ಜನ ಒಂದು ದಿನವಾದರೂ ಕೆಲಸ ತಪ್ಪಿಸಿಕೊಂಡಿದ್ದರು. ಐವರಲ್ಲಿ ಒಬ್ಬರಿಗೆ ಕೆಲಸ ಮಾಡಲು ಸಾಧ್ಯವೇ ಇರಲಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ವಿಶೇಷ ಕ್ಲಿನಿಕ್‌ವರೆಗೆ ಬಂದವರು ಹೆಚ್ಚು ನರಳುತ್ತಿರುವವರೇ ಆಗಿರುತ್ತಾರೆ. ಕೋವಿಡ್ ಬಂದ ಎಲ್ಲರ ಕಥೆ ಇದಲ್ಲ. ಬ್ರಿಟನ್ನಿನ ಅಂಕಿಅಂಶ ಕಚೇರಿ ಮನೆಮನೆಯಿಂದ ಪಡೆದ ಲೆಕ್ಕ ಹೆಚ್ಚು ಸಮತೂಕದ್ದು. 2023ರ ಮಾರ್ಚ್‌ನಲ್ಲಿ ಅಲ್ಲಿ 19 ಲಕ್ಷ ಜನ ತಮಗೆ ಲಾಂಗ್ ಕೋವಿಡ್ ಇದೆ ಎಂದರು. ಅವರಲ್ಲಿ 15 ಲಕ್ಷ ಜನರ ದಿನಚರಿಗೆ ಅದು ಅಡ್ಡಿಯಾಗಿತ್ತು, 3 ಲಕ್ಷ 81 ಸಾವಿರ ಜನರ ದಿನಚರಿಯನ್ನು ಬಹುವಾಗಿ ಕಟ್ಟಿಹಾಕಿತ್ತು. ನೂರಕ್ಕೆ ಮೂವರು ಎಂದರೆ ಸಣ್ಣದೆನಿಸಬಹುದು. ಆದರೆ ನೂರಕ್ಕೆ ಮೂವರು ಎಂದರೆ ಪ್ರತಿಯೊಂದು ಬೀದಿಯಲ್ಲೂ ಒಬ್ಬಿಬ್ಬರು.

ಇಕ್ಯೂ-5ಡಿ ಅಳತೆಗೋಲಿನಲ್ಲೂ ಒಂದು ಕೊರತೆ ಇದೆ, ಅದು ರೋಗಿಗಳನ್ನು ಇನ್ನಷ್ಟು ಮರೆಮಾಡುತ್ತದೆ. ಐದು ಪ್ರಶ್ನೆಗಳಲ್ಲಿ ಸುಸ್ತಿನ ಪ್ರಶ್ನೆ ಇಲ್ಲ, ನೆನಪಿನ ಪ್ರಶ್ನೆಯೂ ಇಲ್ಲ. ಜೊತೆಗೆ ಅದು ಕೇಳುವುದು ‘ಇಂದು’ ಹೇಗಿದ್ದೀರಿ ಎಂದು. ಲಾಂಗ್ ಕೋವಿಡ್ ಇರುವವರ ‘ಇಂದು’ ನಿನ್ನೆ ಮೊನ್ನೆ ಮಾಡಿದ್ದರ ಮೇಲೆ ನಿಂತಿರುತ್ತದೆ. ಮೂರು ದಿನ ಮಲಗಿ ಶಕ್ತಿ ಕೂಡಿಸಿಕೊಂಡು ಆಸ್ಪತ್ರೆಗೆ ಬಂದ ಹೆಂಗಸು ವೈದ್ಯರ ಮುಂದೆ ನೆಟ್ಟಗೇ ಕುಳಿತಿರುತ್ತಾಳೆ. ಮನೆಗೆ ಹಿಂತಿರುಗಿ ಮತ್ತೆ ಮೂರು ದಿನ ಮಲಗುವುದನ್ನು ನೋಡಲು ವೈದ್ಯರು ಅಲ್ಲಿರುವುದಿಲ್ಲ.

ಈ ಕಾಯಿಲೆಯ ತಿರುಳು ಇರುವುದು ಇಲ್ಲೇ. ದುಡಿದವರಿಗೆ ದಣಿವಾಗುವುದು ಸಹಜ, ನಿದ್ದೆ ಮಾಡಿದರೆ ಹೋಗುತ್ತದೆ. ಲಾಂಗ್ ಕೋವಿಡ್‌ನ ಸುಸ್ತು ಹಾಗಲ್ಲ. ಕೆಲಸ ಮಾಡುವಾಗ ಸುಮ್ಮನಿದ್ದು, ಒಂದೆರಡು ದಿನ ಬಿಟ್ಟು ಮೈಮೇಲೆ ಬೀಳುತ್ತದೆ. ಭಾನುವಾರ ನೆಂಟರು ಬಂದರೆಂದು ನಿಂತು ಅಡುಗೆ ಮಾಡಿದವರಿಗೆ ಮಂಗಳವಾರ ಹಾಸಿಗೆಯಿಂದ ಏಳಲಾಗುವುದಿಲ್ಲ. ಮೈಕೈ ನೋವು, ಜ್ವರ ಬಂದ ಹಾಗೆ ಅನಿಸುವುದು, ಬೆಳಕು ಸದ್ದು ತಡೆಯಲಾಗದಿರುವುದು, ಮಾತಿನ ಮಧ್ಯೆ ಪದ ಸಿಗದಿರುವುದು, ಎಲ್ಲವೂ ಒಟ್ಟಿಗೆ ಬರುತ್ತವೆ. ಮೈಗೆ ಮಾತ್ರವಲ್ಲ, ತಲೆಗೆ ಕೆಲಸ ಕೊಟ್ಟರೂ ಹೀಗಾಗುತ್ತದೆ. ಒಂದು ಗಂಟೆ ಲೆಕ್ಕಪತ್ರ ನೋಡಿದ್ದಕ್ಕೆ ಎರಡು ದಿನ ತೆರಬೇಕಾಗುತ್ತದೆ. ಕಾರಣ ಮತ್ತು ಪರಿಣಾಮದ ನಡುವೆ ಇಷ್ಟು ಅಂತರ ಇರುವುದರಿಂದ ರೋಗಿಗೇ ಮೊದಮೊದಲು ಇದು ಹೊಳೆಯುವುದಿಲ್ಲ, ಮನೆಯವರಿಗಂತೂ ಅರ್ಥವೇ ಆಗುವುದಿಲ್ಲ. ‘ನಿನ್ನೆ ಚೆನ್ನಾಗಿದ್ದೆಯಲ್ಲ’ ಎನ್ನುತ್ತಾರೆ. ಮೈಗಳ್ಳತನ ಎಂಬ ಮಾತು ಬರುವುದು ಈ ಹಂತದಲ್ಲಿ.

ಮೈಗಳ್ಳತನವಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಆಮ್‌ಸ್ಟರ್‌ಡಾಮ್‌ನಲ್ಲಿ. ಅಲ್ಲಿನ ವಿಜ್ಞಾನಿಗಳು 25 ಲಾಂಗ್ ಕೋವಿಡ್ ರೋಗಿಗಳಿಂದಲೂ ಕೋವಿಡ್ ಬಂದು ಪೂರ್ತಿ ಗುಣವಾದ 21 ಮಂದಿಯಿಂದಲೂ ಸೈಕಲ್ ತುಳಿಸಿದರು. ತುಳಿಯುವ ಮೊದಲು ಮತ್ತು ತುಳಿದ ಮೇಲೆ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ರೋಗಿಗಳ ಸ್ನಾಯುಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳ ಕೆಲಸ ಕುಗ್ಗಿತ್ತು. ವ್ಯಾಯಾಮದ ನಂತರ ಸ್ನಾಯುವಿನ ಹಾನಿ ಇನ್ನಷ್ಟು ಹೆಚ್ಚಿತ್ತು. 2024ರ ಜನವರಿಯಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ಅದು ಹೇಳಿದ ಸಂಗತಿ ದೊಡ್ಡದು. ‘ದಿನಾ ವಾಕಿಂಗ್ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ಸಕ್ಕರೆ ಕಾಯಿಲೆಯವರಿಗೆ ಹಿತ. ಇಂಥ ರೋಗಿಗೆ ಅದೇ ಸಲಹೆ ಹಾನಿ ಮಾಡಬಲ್ಲದು.

ಎಲ್ಲರ ಲಾಂಗ್ ಕೋವಿಡ್ ಒಂದೇ ಬಗೆಯದಲ್ಲ ಎಂಬುದನ್ನೂ ಹೇಳಬೇಕು. ಐಸಿಯುವಿನಿಂದ ಬಂದವರ ಶ್ವಾಸಕೋಶ ಕಲೆಗಟ್ಟಿರಬಹುದು, ಅಂಥವರಿಗೆ ಉಸಿರಾಟದ ವ್ಯಾಯಾಮ ಬೇಕೇ ಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕವೂ ಬಳಲುತ್ತಿದ್ದವರಿಗೆ ಬ್ರಿಟನ್ನಿನಲ್ಲಿ ಆನ್‌ಲೈನ್ ಮೂಲಕ ಕೊಟ್ಟ ಪುನಶ್ಚೇತನ ತರಬೇತಿಯಿಂದ ಜೀವನದ ಗುಣಮಟ್ಟ ತುಸು ಸುಧಾರಿಸಿದ್ದೂ ಉಂಟು. ಗಾರ್ನರ್ ಅವರೇ 2021ರ ಆರಂಭದಲ್ಲಿ ತಾವು ಗುಣವಾದುದಾಗಿ ಬರೆದರು. ಯೋಚಿಸುವ ರೀತಿ ಬದಲಿಸಿಕೊಂಡು, ಮೆಲ್ಲನೆ ವ್ಯಾಯಾಮಕ್ಕೆ ಮರಳಿದೆ ಎಂದರು. ಇನ್ನೂ ಹಾಸಿಗೆಯಲ್ಲಿದ್ದ ಅನೇಕರಿಗೆ ಆ ಮಾತು ನೋವು ತಂದಿತು. ಒಬ್ಬರಿಗೆ ಹಿಡಿಸಿದ ದಾರಿಯನ್ನು ಎಲ್ಲರ ಮೇಲೆ ಹೇರುವುದು ತಪ್ಪು. ಯಾವ ರೋಗಿಗೆ ಯಾವುದು ಎಂದು ತಿಳಿಯಬೇಕಾದರೆ ವೈದ್ಯರು ಕೇಳಬೇಕಾದ ಪ್ರಶ್ನೆ ಒಂದಿದೆ: ಕೆಲಸ ಮಾಡಿದ ಮರುದಿನ, ಅದರ ಮರುದಿನ, ಮೈ ಹೇಗಿರುತ್ತದೆ?

ತಲೆಯ ವಿಚಾರ ಬೇರೆಯೇ. ‘ಬ್ರೈನ್ ಫಾಗ್’ ಎಂದು ರೋಗಿಗಳು ಕರೆಯುವ ಮಬ್ಬನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 1,12,964 ಜನರಿಗೆ ಆನ್‌ಲೈನ್ ಪರೀಕ್ಷೆ ಕೊಟ್ಟು ಅಳೆದರು. ಕೋವಿಡ್ ಬಾರದವರಿಗೆ ಹೋಲಿಸಿದರೆ ಬೇಗ ಗುಣವಾದವರಲ್ಲಿ ಐಕ್ಯೂ ಲೆಕ್ಕದಲ್ಲಿ ಸುಮಾರು 3 ಅಂಕ, ಲಕ್ಷಣಗಳು ಉಳಿದವರಲ್ಲಿ ಸುಮಾರು 6 ಅಂಕ ಕಡಿಮೆ ಕಂಡಿತು. ಆರು ಅಂಕ ಯಾರನ್ನೂ ದಡ್ಡರನ್ನಾಗಿಸುವುದಿಲ್ಲ. ಆದರೆ ಕೋಡ್ ಬರೆಯುವವರು, ಪಾಠ ಹೇಳುವವರು, ಬಸ್ ಓಡಿಸುವವರು ಬದುಕು ಕಟ್ಟಿಕೊಂಡಿರುವುದೇ ಆ ಚುರುಕಿನ ಮೇಲೆ.

ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಆದದ್ದು ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್‌ನಲ್ಲಿ. ಅಲ್ಲಿಂದೀಚೆಗೆ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳೇ 40 ಲಕ್ಷ ದಾಟಿವೆ. ಅವರಲ್ಲಿ ಎಷ್ಟು ಜನರ ಬದುಕು ಮೊದಲಿನಂತಾಗಿಲ್ಲ ಎಂದು ಮನೆಮನೆಗೆ ಹೋಗಿ ಕೇಳಬೇಕಿತ್ತು. ದೇಶದ ಮಟ್ಟದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಒಳ್ಳೆಯ ಕೆಲಸ ಮಾಡಿತು. 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಜನರನ್ನು ಒಂದು ವರ್ಷ ಫೋನಿನಲ್ಲಿ ಸಂಪರ್ಕಿಸುತ್ತ ಹೋಯಿತು. ಶೇಕಡಾ 17.1 ಮಂದಿ ಸುಸ್ತು, ಏದುಸಿರು, ನೆನಪು ಮತ್ತು ಏಕಾಗ್ರತೆಯ ತೊಂದರೆ ಹೇಳಿಕೊಂಡರು. ಶೇಕಡಾ 6.5 ಮಂದಿ ವರ್ಷದೊಳಗೆ ತೀರಿಕೊಂಡಿದ್ದರು. ಆದರೆ ಇವರೆಲ್ಲ ಆಸ್ಪತ್ರೆ ಸೇರಿದ್ದವರು. ಮನೆಯಲ್ಲೇ ಕಷಾಯ ಕುಡಿದು, ಡೋಲೋ ನುಂಗಿ ಎದ್ದುಕೊಂಡವರೇ ಬಹುಪಾಲು ಜನ. ಅವರಲ್ಲೂ ಲಾಂಗ್ ಕೋವಿಡ್ ಬರುತ್ತದೆ, ಅವರು ಈ ಎಣಿಕೆಯಲ್ಲಿ ಇಲ್ಲ.

ಕನ್ನಡದ ಹಳ್ಳಿಗಳಿಗೆ ಇಂಥದ್ದು ಹೊಸದೇನಲ್ಲ. 2006ರ ಚಿಕೂನ್‌ಗುನ್ಯ ದಾಳಿಗೆ ದೇಶದಲ್ಲೇ ಹೆಚ್ಚು ಸಿಕ್ಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಕುಡುಗೋಲು ಹಿಡಿಯಲಾಗದ ಕೈ, ಚೊಂಬು ಎತ್ತಲಾಗದ ಮಣಿಕಟ್ಟು ಊರಿಗೆಲ್ಲ ಗೊತ್ತಿತ್ತು. ಆಗ ಯಾರೂ ಯಾರನ್ನೂ ನಾಟಕ ಎನ್ನಲಿಲ್ಲ, ಏಕೆಂದರೆ ಊದಿದ ಕೀಲು ಕಣ್ಣಿಗೆ ಕಾಣುತ್ತಿತ್ತು. ವೈರಸ್ ಹೋದರೂ ಅದರ ಹಾನಿ ಉಳಿಯುತ್ತದೆ ಎಂಬ ತಿಳಿವಳಿಕೆ ಈ ನಾಡಿಗೆ ಇದೆ. ಕಣ್ಣಿಗೆ ಕಾಣದ ಹಾನಿಗೂ ಅದನ್ನು ಅನ್ವಯಿಸಬೇಕಾಗಿದೆ.

ಕೆಲಸದ ಕಡೆ ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇಎಸ್‌ಐ ವಿಮೆ ಇದೆ. ಕಾಯಿಲೆ ಬಿದ್ದರೆ ಸಂಬಳದ ಶೇಕಡಾ 70ರಷ್ಟು ಹಣ, ವರ್ಷಕ್ಕೆ ಗರಿಷ್ಠ 91 ದಿನ ಸಿಗುತ್ತದೆ. 91 ದಿನ ಎಂದರೆ ಮೂರು ತಿಂಗಳು. ವಿಶ್ವ ಆರೋಗ್ಯ ಸಂಸ್ಥೆ ಲಾಂಗ್ ಕೋವಿಡ್ ಎಂದು ಗುರುತಿಸಲು ಶುರುಮಾಡುವುದೇ ಮೂರನೆಯ ತಿಂಗಳಿಗೆ. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಹಣ ನಿಂತಿರುತ್ತದೆ. ಕ್ಷಯ, ಕ್ಯಾನ್ಸರ್ ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ ಇಎಸ್‌ಐ ಎರಡು ವರ್ಷದವರೆಗೆ ಶೇಕಡಾ 80ರಷ್ಟು ಕೊಡುತ್ತದೆ. ಆ ಪಟ್ಟಿಗೆ ಇದನ್ನೂ ಸೇರಿಸಬೇಕು. ಇಎಸ್‌ಐ ಕೂಡ ಇಲ್ಲದ ಮನೆಗೆಲಸದವರು, ಗಾರೆ ಕೆಲಸದವರು, ಡೆಲಿವರಿ ಹುಡುಗರಿಗೆ ಮೂರು ದಿನದ ರಜೆಯೂ ಇಲ್ಲ. ಎರಡು ದಿನ ಬಿಟ್ಟು ಮೈಮೇಲೆ ಬೀಳುವ ಕಾಯಿಲೆ ದಿನಗೂಲಿಯವರಿಗೆ ಬಂದರೆ ಒಲೆಯೇ ಹೊತ್ತುವುದಿಲ್ಲ.

ಅಮೆರಿಕ 2021ರ ಜುಲೈ 26ರಂದು, ತನ್ನ ಅಂಗವಿಕಲರ ಕಾಯ್ದೆಯ ವಾರ್ಷಿಕೋತ್ಸವದ ದಿನವೇ, ಲಾಂಗ್ ಕೋವಿಡ್ ಕೂಡ ಆ ಕಾಯ್ದೆಯ ರಕ್ಷಣೆಗೆ ಬರಬಹುದು ಎಂದು ಸಾರಿತು. ನಮ್ಮ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ನಡೆದುಹೋಗಿ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಬಲ್ಲ, ಆದರೆ ಮರುದಿನ ಏಳಲಾಗದ ವ್ಯಕ್ತಿಯನ್ನು ಆ ಪಟ್ಟಿಯಲ್ಲಿ ಹುಡುಕುವುದು ಕಷ್ಟ.

ಔಷಧದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಲಾಂಗ್ ಕೋವಿಡ್ ಅನ್ನೇ ವಾಸಿ ಮಾಡುವ ಮಾತ್ರೆ ಬಂದಿಲ್ಲ. ಹದಿನೈದು ದಿನ ಪ್ಯಾಕ್ಸ್‌ಲೋವಿಡ್ ಕೊಟ್ಟು ನೋಡಿದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಸೋಂಕಿನ ಆರಂಭದಲ್ಲೇ ಕೊಟ್ಟಾಗ ಲಾಂಗ್ ಕೋವಿಡ್ ಬರುವ ಪ್ರಮಾಣ ಶೇಕಡಾ 10.4ರಿಂದ 6.3ಕ್ಕೆ ಇಳಿದದ್ದು ಅಮೆರಿಕದ ಒಂದು ಪ್ರಯೋಗದಲ್ಲಿ ಕಂಡಿದೆ. ಲಸಿಕೆಯೂ ಅಪಾಯ ತಗ್ಗಿಸುತ್ತದೆ. ಇವೆರಡೂ ಬರದಂತೆ ತಡೆಯುವ ಮಾತು, ಬಂದವರಿಗೆ ಅಲ್ಲ.

ಹಾಗೆಂದು ಬಂದವರಿಗೆ ಏನೂ ಮಾಡಲಾಗದು ಎಂದು ಕೈಚೆಲ್ಲಬೇಕಿಲ್ಲ. ನಿಂತರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುವವರನ್ನು ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡಿ, ಮತ್ತೆ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ನಾಡಿ ಎಣಿಸಬೇಕು. ಬಿಪಿ ಇಳಿಯದೆ ನಾಡಿ ಮಾತ್ರ 30 ಬಡಿತಕ್ಕೂ ಹೆಚ್ಚು ಏರಿ ಹಾಗೇ ನಿಂತರೆ ಪಾಟ್ಸ್ ಎಂಬ ತೊಂದರೆಯ ಸುಳಿವು. ಇದಕ್ಕೆ ಎಂಆರ್‌ಐ ಬೇಡ, ಗಡಿಯಾರ ಮತ್ತು ಬಿಪಿ ಯಂತ್ರ ಇರುವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ. ವೈದ್ಯರ ಸಲಹೆಯಂತೆ ನೀರು, ಉಪ್ಪು ಹೆಚ್ಚಿಸಿ, ಬಿಗಿ ಕಾಲುಚೀಲ ತೊಟ್ಟು, ಅಗತ್ಯವಿದ್ದರೆ ಮಾತ್ರೆ ತೆಗೆದುಕೊಂಡು ಎಷ್ಟೋ ಜನ ನಿಂತು ಕೆಲಸ ಮಾಡುವಂತಾಗಿದ್ದಾರೆ. ನಿದ್ದೆ, ತಲೆನೋವು, ಉಸಿರಾಟ ಪ್ರತಿಯೊಂದಕ್ಕೂ ಪ್ರತ್ಯೇಕ ಚಿಕಿತ್ಸೆ ಇದೆ. ರಕ್ತಹೀನತೆ, ಥೈರಾಯ್ಡ್, ಹೃದಯದ ತೊಂದರೆ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳುವುದೂ ಅಗತ್ಯ.

ಉಳಿದದ್ದು ಶಕ್ತಿಯ ಮಿತವ್ಯಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಚಿಕಿತ್ಸೆ. ಕುಳಿತು ತರಕಾರಿ ಹೆಚ್ಚುವುದು, ಸ್ನಾನಕ್ಕೆ ಸ್ಟೂಲ್ ಇಟ್ಟುಕೊಳ್ಳುವುದು, ಒಂದೇ ದಿನ ಬಟ್ಟೆ ಒಗೆತವೂ ಬ್ಯಾಂಕಿನ ಓಡಾಟವೂ ಬೇಡವೆನ್ನುವುದು, ಸುಸ್ತಾಗುವ ಮೊದಲೇ ಮಲಗುವುದು. ಹೇಳಲು ಸುಲಭ. ನಮ್ಮ ಮನೆಗಳಲ್ಲಿ ಹೆಂಗಸು ಹಗಲು ಹೊತ್ತು ಮಲಗಿದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಅತ್ತೆಗೆ ಕಾಫಿ, ಮಕ್ಕಳಿಗೆ ಡಬ್ಬಿ, ಬೆಳಗಿನ ನೀರು ಹಿಡಿಯುವುದು ಯಾವುದಕ್ಕೂ ರಜೆ ಇಲ್ಲ. ಇಂಗ್ಲೆಂಡಿನ ಕ್ಲಿನಿಕ್‌ಗಳಿಗೆ ಬಂದವರಲ್ಲಿ ನೂರಕ್ಕೆ 71 ಹೆಂಗಸರು. ಇಲ್ಲಿ ಆ ಹೆಂಗಸರು ಕ್ಲಿನಿಕ್‌ಗೆ ಬರುವುದೇ ಕಡಿಮೆ, ಬಂದರೂ ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತಿನೊಂದಿಗೆ ವಿಟಮಿನ್ ಮಾತ್ರೆ ಹಿಡಿದು ಹಿಂತಿರುಗುತ್ತಾರೆ. ಚಿಕಿತ್ಸೆಯ ದೊಡ್ಡ ಪಾಲು ಅಡುಗೆಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಗಂಡಸರ ಕೈಯಲ್ಲಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಆರೋಗ್ಯ ಇಲಾಖೆಗೆ ಮಾಡಬೇಕಾದ ಮನವಿ ದೊಡ್ಡದೇನಲ್ಲ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಕೋವಿಡ್ ಕಾಲದಲ್ಲಿ ಬಾಗಿಲು ಬಾಗಿಲಿಗೂ ಹೋಗಿ ಜ್ವರ ಕೇಳಿದವರು ಅವರೇ. ಅವರಿಗೆ ತಕ್ಕ ಸಂಭಾವನೆ ಕೊಟ್ಟು ಎರಡು ಪ್ರಶ್ನೆ ಕೇಳಿಸಲಿ: ಕೋವಿಡ್‌ಗೆ ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಮಾಡಲಾಗುತ್ತಿಲ್ಲ? ದಣಿದ ಮೇಲೆ ಸುಧಾರಿಸಿಕೊಳ್ಳಲು ಎಷ್ಟು ದಿನ ಬೇಕು? ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇಂಥವರಿಗೆಂದೇ ಮೀಸಲಿಡಲಿ.

ಓದುಗರಿಗೆ ಒಂದು ಮಾತು. ಕೋವಿಡ್ ಬಂದು ಹೋಗಿ ತಿಂಗಳುಗಳಾದರೂ ಸುಸ್ತು ಬಿಟ್ಟಿಲ್ಲ ಎನ್ನುವವರು ಮನೆಯಲ್ಲಿದ್ದರೆ, ಎರಡು ವಾರದ ದಿನಚರಿ ಬರೆದಿಡಿ. ಯಾವ ದಿನ ಏನು ಮಾಡಿದರು, ಯಾವ ದಿನ ಏಳಲಾಗಲಿಲ್ಲ ಎಂಬುದಷ್ಟೇ ಸಾಕು. ವೈದ್ಯರ ಮುಂದೆ ಅದನ್ನಿಡಿ. ತಲೆ ಮಬ್ಬಾದ ರೋಗಿ ಎಲ್ಲವನ್ನೂ ನೆನಪಿಟ್ಟು ಹೇಳಲಾರರು, ಆದ್ದರಿಂದ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.